ಹಳೇ ದೋಣಿಗೆ ಮಣ್ಣು ತುಂಬಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಪುರವಣಿಯಲ್ಲಿ ಈಚೆಗೆ ಒಂದು ಫೋಟೊ ನೋಡಿದೆ. ಕಡಲ ದಂಡೆಯ ಒಂದು ರೆಸಾರ್ಟ್ ಎದುರು ಹಳೇ ಮರದ ದೋಣಿ ಇಟ್ಟಿದ್ದಾರೆ. ಒಳಗೆ ಮಣ್ಣು ತುಂಬಿ ದಾಸವಾಳ ನೆಟ್ಟಿದ್ದಾರೆ. ನೋಡಿದವರಿಗೆ ಚೆಂದ ಕಂಡಿರಬಹುದು. ನನಗೆ ಮಾತ್ರ ಆ ದಿನ ಊಟ ಸೇರಲಿಲ್ಲ. ಹಸಿ ಮಣ್ಣು ತುಂಬಿದ ದೋಣಿ ಹೆಚ್ಚು ಮಳೆಗಾಲ ಕಾಣುವುದಿಲ್ಲ. ಅಡಿ ಹಲಗೆ ಕೊಳೆತು ಪುಡಿಯಾಗುತ್ತದೆ. ಅದಕ್ಕೇ ಈ ಪತ್ರ.

ನಾನು ಗಂಗೊಳ್ಳಿಯಲ್ಲಿ ದೋಣಿ ಕೆಲಸ ಮಾಡುವವನು. ವಯಸ್ಸು 61. ಹದಿನಾರಕ್ಕೆ ಅಪ್ಪಯ್ಯನ ಜೊತೆ ಮರ ಕೆತ್ತುವ ಬಾಚಿ ಹಿಡಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ ಅಲ್ವಾ, ಆ ಮಳೆಗಾಲದ ರಜೆಯಲ್ಲಿ ಮೊದಲೆಲ್ಲ ನಮಗೆ ತಲೆ ಎತ್ತಲೂ ಬಿಡುವಿರುತ್ತಿರಲಿಲ್ಲ. ಈಗ ಉಕ್ಕಿನ ಬೋಟು, ಫೈಬರ್ ದೋಣಿ ಜಾಸ್ತಿ. ಅದಕ್ಕೆ ನನ್ನ ತಕರಾರಿಲ್ಲ. ಫೈಬರ್ ಹಗುರ, ಹುಳು ಹಿಡಿಯುವುದಿಲ್ಲ. ಮೀನು ಹಿಡಿದು ಮನೆ ನಡೆಸುವವರು ಅದನ್ನೇ ತೆಗೆದುಕೊಳ್ಳಲಿ. ನಾನು ಹೇಳುತ್ತಿರುವುದು ಹಳೇ ದೋಣಿಯನ್ನು ಪ್ರೀತಿಯಿಂದಲೇ ಉಳಿಸಿಕೊಳ್ಳಬೇಕು ಎನ್ನುವವರಿಗೆ. ಪ್ರೀತಿ ಇದೆ, ಆದರೆ ಸಾಕುವ ಕ್ರಮ ಗೊತ್ತಿಲ್ಲ.

ಕಳೆದ ವರ್ಷ ನನ್ನ ಕೊಟ್ಟಿಗೆಗೆ ಲಾರಿಯಲ್ಲಿ ಒಂದು ದೋಣಿ ಬಂತು. ಕೈರಂಪಣಿಯ, ಅಂದರೆ ದಡದಿಂದ ಕೈಯಲ್ಲಿ ಎಳೆಯುವ ಬಲೆಯ ಸಣ್ಣ ದೋಣಿ, 24 ಅಡಿ. ಒಂದೇ ಒಂದು ಮೊಳೆ ಇಲ್ಲದೆ ಹಲಗೆಗಳನ್ನು ಹುರಿಯಿಂದ ಹೊಲಿದ ದೋಣಿ. ಒಳಗೆ ಬಗ್ಗಿ ಗಂಟು ನೋಡಿದವನು ಅಲ್ಲೇ ಕೂತುಬಿಟ್ಟೆ. ನಮ್ಮ ಅಪ್ಪಯ್ಯ ಎಡಗೈಯವರು. ಅವರು ಹಾಕಿದ ಗಂಟು ಬೇರೆಯವರ ಗಂಟಿಗಿಂತ ಉಲ್ಟಾ ತಿರುಗಿರುತ್ತಿತ್ತು. ಈ ದೋಣಿಯ ಮೂತಿಯ ಕಡೆ ನಾಲ್ಕು ಹಲಗೆಯ ಹೊಲಿಗೆ ಪೂರ್ತಿ ಅವರದ್ದು.

ಅದನ್ನು ಕೊಂಡವರು ಒಳ್ಳೆಯವರೇ. ಆರು ವರ್ಷ ಅಂಗಳದಲ್ಲಿ ಬಿಸಿಲಿಗೆ ಇಟ್ಟಿದ್ದರು. ಮರ ಒಣಗಿ ಹಲಗೆ ಹಲಗೆಯ ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟಿತ್ತು. ಆಮೇಲೆ ಮನೆಯ ಮದುವೆಗೆ ಹೊಳೆಯಲ್ಲಿ ತೇಲಿಸಿ ಫೋಟೊ ತೆಗೆಸಬೇಕೆಂದು ಯಾರದೋ ಮಾತು ಕೇಳಿ ಸಂದಿಗೆಲ್ಲ ಸಿಮೆಂಟ್ ತುಂಬಿಸಿದರು. ನೀರಿಗಿಳಿಸಿದ ಮೇಲೆ ಮರ ನೀರು ಕುಡಿದು ಉಬ್ಬಿತು. ಉಬ್ಬಿದ ಹಲಗೆಗೆ ಹೋಗಲು ಜಾಗ ಇರಲಿಲ್ಲ, ಸಂದಿನ ತುಂಬ ಸಿಮೆಂಟ್ ಕೂತಿತ್ತಲ್ಲ. ರಾತ್ರಿ ಹೊಲಿಗೆ ಪಟಪಟ ಹರಿಯಿತಂತೆ. ಬೆಳಿಗ್ಗೆ ದೋಣಿ ಹೊಳೆಯ ತಳದಲ್ಲಿತ್ತು.

ಮರದ ದೋಣಿ ಒಣಗಿದರೆ ಬಾಯಿ ಬಿಡುವುದು ಸಹಜ. ನೀರಿಗೆ ಇಳಿಸಿದರೆ ಎರಡು ಮೂರು ದಿನ ಸೋರುತ್ತದೆ, ಆಮೇಲೆ ಮರ ಉಬ್ಬಿ ತಾನೇ ಸಂದು ಮುಚ್ಚಿಕೊಳ್ಳುತ್ತದೆ. ಜಾಸ್ತಿ ಬಾಯಿ ಬಿಟ್ಟ ದೋಣಿಗೆ ಮೊದಲು ಒದ್ದೆ ಗೋಣಿಚೀಲ ಹೊದೆಸಿ ಹದಿನೈದು ದಿನ ನೀರು ಚಿಮುಕಿಸಬೇಕು. ಇಷ್ಟು ತಾಳ್ಮೆ ಇದ್ದರೆ ಸಿಮೆಂಟೂ ಬೇಡ, ಪುಟ್ಟಿಯೂ ಬೇಡ.

ಹೊಲಿದ ದೋಣಿ ಅಂದರೆ ಈಗಿನ ಮಕ್ಕಳು ನಂಬುವುದಿಲ್ಲ. ಎರಡು ಹಲಗೆಯ ಅಂಚಿಗೆ ಎದುರುಬದುರಾಗಿ ಬೈರಿಗೆಯಿಂದ ತೂತು ಕೊರೆಯುತ್ತೇವೆ. ಸಂದಿನ ಉದ್ದಕ್ಕೂ ತೆಂಗಿನ ನಾರಿನ ಕಟ್ಟು ಇಟ್ಟು, ಅದರ ಮೇಲೆ ಕತ್ತದ ಹುರಿಯಿಂದ ಅಡ್ಡಡ್ಡ ಹೊಲಿಯುವುದು. ಒಳಗೊಬ್ಬ, ಹೊರಗೊಬ್ಬ ಬೇಕು. ಹುರಿಯನ್ನು ಮರದ ಗೂಟಕ್ಕೆ ಸುತ್ತಿ ಮೀಟಿ ಎಳೆಯಬೇಕು. ಅಂಗೈ ಸಿಪ್ಪೆ ಏಳುತ್ತದೆ. ಕೊನೆಗೆ ತೂತಿಗೆ ನಾರು ತುರುಕಿ ರಾಳ ಮೆತ್ತುವುದು. ನಮ್ಮ ಕಡೆ ಅಲೆ ದಾಟಿ ಬಂದ ದೋಣಿ ನೇರ ಮರಳಿಗೆ ಬಡಿಯುತ್ತದೆ. ಮೊಳೆ ಹೊಡೆದ ದೋಣಿ ಆ ಪೆಟ್ಟಿಗೆ ಬಿರಿಯುತ್ತದೆ, ಹೊಲಿದದ್ದು ಸ್ವಲ್ಪ ಬಳುಕಿ ತಡೆದುಕೊಳ್ಳುತ್ತದೆ. ರಂಪಣಿ ದೋಣಿಗಳನ್ನು ಹಿರಿಯರು ಹೊಲಿದದ್ದು ಇದಕ್ಕೇ. 1970ರ ದಶಕದ ಕೊನೆಯ ಹೊತ್ತಿಗೆ ಮೀನಿನ ಹಿಂಡನ್ನೇ ಸುತ್ತುವರಿದು ಹಿಡಿಯುವ ಪರ್ಸೀನ್ ಬಲೆಯ ಬೋಟುಗಳು ಬಂದ ಮೇಲೆ ದೊಡ್ಡ ರಂಪಣಿಗಳು ಒಂದೊಂದಾಗಿ ನಿಂತವು. ನಾನು ಕೆಲಸ ಕಲಿತದ್ದು ಆ ಕಾಲದ ಬಾಲದಲ್ಲಿ. ಹೊಸ ದೋಣಿ ಹೊಲಿದದ್ದು ಕಡಿಮೆ, ಹಳೇದನ್ನು ಬಿಚ್ಚಿ ಮತ್ತೆ ಹೊಲಿದದ್ದೇ ಹೆಚ್ಚು.

ಇನ್ನೊಂದು ವಿಷಯ. ಹಳೇ ಮರಕ್ಕೆ ಮೇಲಿಂದ ಫೈಬರ್ ಹೊದಿಕೆ ಹಾಕಿಸುವವರು ಇದ್ದಾರೆ. ಗಟ್ಟಿಯಾಯಿತು ಅಂತ ಅವರಿಗೆ ಸಮಾಧಾನ. ಒಳಗಿನ ಪಸೆಗೆ ಹೊರಗೆ ಬರಲು ದಾರಿ ಇರುವುದಿಲ್ಲ. ಮರ ಹೊದಿಕೆಯ ಒಳಗೇ ಬೇಯುತ್ತದೆ. ಬಾಚಿಯ ಹಿಡಿಯಿಂದ ತಟ್ಟಿ ನೋಡಿ. ಒಳ್ಳೇ ಮರ ಟಣ್ ಅನ್ನುತ್ತದೆ. ಕೊಳೆತದ್ದು ಬೊದ್ ಅನ್ನುತ್ತದೆ. ಒಮ್ಮೆ ಅಂಥ ದೋಣಿಯ ಹೊದಿಕೆ ಸುಲಿದಾಗ ಹೆಬ್ಬಲಸಿನ ಹಲಗೆ ನೆನೆದ ಅವಲಕ್ಕಿಯ ಹಾಗೆ ಕೈಗೆ ಬಂತು. ಹೆಬ್ಬಲಸು! ಎಣ್ಣೆ ಕುಡಿಸಿ ನೋಡಿಕೊಂಡಿದ್ದರೆ ಮೊಮ್ಮಕ್ಕಳ ಕಾಲಕ್ಕೂ ಬರುವ ಮರ.

ನೀರಿನಲ್ಲೂ ಭೇದ ಇದೆ. ದೋಣಿಯ ಒಳಗೆ ನಿಂತ ಮಳೆನೀರು ಮರವನ್ನು ಕೊಳೆಸುತ್ತದೆ, ಉಪ್ಪುನೀರು ಕಾಯುತ್ತದೆ. ಆದರೆ ಮರ ಕೊರೆಯುವ ಹುಳು ಬರುವುದು ಉಪ್ಪುನೀರಿನಲ್ಲೇ. ಹುಳು ಅಂತ ಬಾಯಿಮಾತಿಗೆ ಹೇಳುತ್ತೇವೆ, ಅದು ಚಿಪ್ಪಿನ ಮೀನಿನ ಜಾತಿ. ಹೊರಗಿಂದ ಸೂಜಿ ಚುಚ್ಚಿದಷ್ಟೇ ತೂತು, ಒಳಗೆ ಬೆರಳು ಗಾತ್ರದ ಸುರಂಗ. ಅದಕ್ಕೆ ಸಿಹಿನೀರು ಆಗುವುದಿಲ್ಲ. ಮಳೆಗಾಲದಲ್ಲಿ ನಮ್ಮ ಪಂಚಗಂಗಾವಳಿ ಸಪ್ಪೆಯಾದಾಗ ದೋಣಿಯನ್ನು ಹೊಳೆಯ ಮೇಲಕ್ಕೆ ತಂದು ಕಟ್ಟುತ್ತಿದ್ದರು. ಒಳಗೆ ಮಳೆನೀರು ನಿಲ್ಲದ ಹಾಗೆ ಮೇಲೆ ತೆಂಗಿನ ಮಡಲಿನ ತಟ್ಟಿ ಹಾಕುತ್ತಿದ್ದರು. ಮಳೆ ಮುಗಿದ ಮೇಲೆ ಎಳೆದು ಒಣಗಿಸಿ ಮೀನೆಣ್ಣೆಯನ್ನೋ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೋ ಬಳಿಯುವುದು. ಗೇರೆಣ್ಣೆ ಕೈ ಸುಡುತ್ತದೆ, ಕೋಲಿಗೆ ಬಟ್ಟೆ ಸುತ್ತಿ ಹಚ್ಚಬೇಕು. ಇಷ್ಟೇ ಔಷಧಿ.

2025ರ ಮೇ 21ರಂದು ಕಾರವಾರದಲ್ಲಿ ಐಎನ್‌ಎಸ್‌ವಿ ಕೌಂಡಿನ್ಯ ನೌಕಾಪಡೆಗೆ ಸೇರಿತು. ಅಜಂತಾದ ಚಿತ್ರ ನೋಡಿ ಗೋವಾದಲ್ಲಿ ಕಟ್ಟಿದ ಹೊಲಿದ ಹಡಗು. ಹೊಲಿಗೆ ಕೆಲಸದ ಮುಂದಾಳು ಕೇರಳದ ಬಾಬು ಶಂಕರನ್. ಟೀವಿಯಲ್ಲಿ ಆ ಹುರಿಯ ಸಾಲು ನೋಡಿ ಕಣ್ಣು ತುಂಬಿ ಬಂತು. ದೇಶದ ನೌಕಾಪಡೆಗೆ ಬೇಕಾದ ಕೈಕೆಲಸ ನಮ್ಮ ಊರಿನ ಅಂಗಳದಲ್ಲೂ ಇದೆ. ಅಂಥ ದೋಣಿ ಸೌದೆಗೆ ಹೋಗಬಾರದು. ನಿಮ್ಮ ಹಿತ್ತಲಲ್ಲಿ ಒಂದು ಹಳೇ ಪಾತಿಯೋ (ಸಣ್ಣ ದೋಣಿ) ಹೊಲಿದ ದೋಣಿಯೋ ಇದ್ದರೆ ಒಡೆಯುವ ಮೊದಲು ಒಬ್ಬ ದೋಣಿ ಆಚಾರಿಯನ್ನು ಕರೆಯಿರಿ. ಉಳಿಸಲು ಆಗದಿದ್ದರೂ ಉದ್ದ, ಅಗಲ, ಹಲಗೆಯ ದಪ್ಪ, ತೂತಿನ ಅಂತರ ಅಳೆದು ಬರೆದಿಟ್ಟುಕೊಳ್ಳಬಹುದು. ಗಂಗೊಳ್ಳಿಯಿಂದ ಎಷ್ಟೇ ದೂರ ಇರಲಿ, ಬಸ್ ಚಾರ್ಜ್ ಕೊಟ್ಟರೆ ನಾನೇ ಬರುತ್ತೇನೆ. ಪ್ರದರ್ಶನಕ್ಕೇ ಇಡುವುದಾದರೆ ಮಾಡಿನ ಕೆಳಗೆ ಇಡಿ. ಕಾಂಕ್ರೀಟಿನ ಮೇಲೆ ಬೇಡ, ಎರಡು ಮೂರು ಕಡೆ ಮರದ ದಿಮ್ಮಿ ಕೊಟ್ಟು ಎತ್ತಿ ಇಡಿ. ತಳಕ್ಕೆ ಗಾಳಿ ಆಡಲಿ.

ಕೆಲಸ ಕಲಿಯುವ ಹುಡುಗರು ಬರುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಹತ್ತಿರ ಈಗ ಒಬ್ಬ ಬರುತ್ತಿದ್ದಾನೆ. ಐಟಿಐ ಮುಗಿಸಿದವನು. ಭಾನುವಾರ ಮಾತ್ರ ಬಿಡುವು. ಮೊದಲ ತಿಂಗಳು ಅವನ ಹೊಲಿಗೆಯನ್ನು ಮೂರು ಸಲ ಬಿಚ್ಚಿಸಿದೆ. ಸುಮ್ನೆ ಮತ್ತೆ ಹೊಲಿದ. ಈಗ ಒಳಗಿನ ಕೈ ಅವನದ್ದು, ಹೊರಗಿನ ಕೈ ನನ್ನದು.

ಅಪ್ಪಯ್ಯನ ಗಂಟಿದ್ದ ದೋಣಿಯ ಸಿಮೆಂಟ್ ಕೆತ್ತಿ ತೆಗೆಯಲು ನಮಗೆ ಎರಡು ತಿಂಗಳು ಹಿಡಿಯಿತು. ಕೊಳೆತ ಮೂರು ಹಲಗೆ ಬದಲಾಯಿಸಿದ್ದೇವೆ. ಅಪ್ಪಯ್ಯನ ಹುರಿ ಸತ್ತಿತ್ತು, ಬಿಚ್ಚಲೇಬೇಕಾಯಿತು. ತೂತುಗಳು ಮಾತ್ರ ಅವರದ್ದೇ. ಮಳೆ ನಿಂತ ಮೇಲೆ ನೀರಿಗೆ ಇಳಿಸುತ್ತೇವೆ. ದೋಣಿಯ ಮನೆಯವರಿಗೆ ಈಗಲೇ ಹೇಳಿಟ್ಟಿದ್ದೇನೆ, ಮೊದಲ ಎರಡು ದಿನ ಸೋರುತ್ತದೆ, ಗಾಬರಿ ಬೇಡ, ನಾನು ದಡದಲ್ಲೇ ಇರುತ್ತೇನೆ ಅಂತ.

ಇತಿ,
ಒಬ್ಬ ದೋಣಿ ಆಚಾರಿ
ಗಂಗೊಳ್ಳಿ, ಉಡುಪಿ ಜಿಲ್ಲೆ