ಚಾರ್ಮಾಡಿ ಘಾಟಿ ಇಳಿಯುವ ಮುಂಚೆ

ಛಾಂಗ್‌ಷಾ, ಹುನಾನ್, ಚೀನಾ
ನವೆಂಬರ್ 9

ಪ್ರೀತಿಯ ಅಮ್ಮನಿಗೆ,

ರವಿ ಮಾಡುವ ನಮಸ್ಕಾರಗಳು. ನಾನಿಲ್ಲಿ ಕ್ಷೇಮ. ಅಪ್ಪ, ಸುಮಕ್ಕ, ನೀನು ಎಲ್ಲರೂ ಚೆನ್ನಾಗಿದ್ದೀರಿ ಅಲ್ವಾ?

ಈ ಕಾಲದಲ್ಲಿ ಪತ್ರ ಏನೋ ಅಂತ ಅಪ್ಪ ನಗಬಹುದು. ಏನು ಮಾಡಲಿ, ಇಲ್ಲಿ ವಾಟ್ಸಾಪ್ ನಡೆಯಲ್ಲ, ಅಲ್ಲಿ 2020ರಿಂದ ವೀಚಾಟ್ ಇಲ್ಲ. ಫೋನಿನಲ್ಲಿ ನಾಲ್ಕು ಮಾತಾಡುವಷ್ಟರಲ್ಲಿ ಗೊರಗೊರ ಶುರುವಾಗುತ್ತೆ. ಅಲ್ಲದೆ ಇವತ್ತು ಹೇಳಬೇಕಾದದ್ದು ಬಸ್ಸಿನ ವಾಂತಿಗೆ ಮಣಿಕಟ್ಟು ಒತ್ತುವ ಉಪಾಯ, ಅದಕ್ಕೆ ಒಂದು ಕೈಯ ಚಿತ್ರ ಬೇಕು. ಹಾಳೆಯ ಹಿಂದೆ ಬರೆದಿದ್ದೇನೆ. ಸೌಟಿನ ಹಾಗೆ ಬಂದಿದೆ, ಕ್ಷಮಿಸು.

ಲಕ್ಷದೀಪಕ್ಕೆ ಧರ್ಮಸ್ಥಳಕ್ಕೆ ಹೋಗ್ತೀನಿ, ಆದರೆ ಹಿಂದಿನ ರಾತ್ರಿಯಿಂದ ಏನೂ ತಿನ್ನಲ್ಲ ಅಂದೆಯಲ್ಲ, ಅದೇ ತಲೆಯಲ್ಲಿ ಕೂತಿದೆ. ಕೊಟ್ಟಿಗೆಹಾರದಲ್ಲಿ ಬಸ್ಸು ನಿಂತಾಗ ನಾವೆಲ್ಲ ನೀರುದೋಸೆ ತಿಂದರೆ ನೀನು ಮಾತ್ರ ಬಾಯಿಗೆ ಸೆರಗು ಹಿಡಿದು ಕಿಟಕಿ ಪಕ್ಕ ಕೂತಿರುತ್ತಿದ್ದೆ. ಪಕ್ಕದ ಮನೆ ಅಜ್ಜಿಗೆ ಇದನ್ನು ಅಭಿನಯ ಮಾಡಿ ತೋರಿಸಿದೆ. ಬಸ್ಸು, ತಿರುವು, ವಾಂತಿ, ಎಲ್ಲಾ. ಅವರು ನಕ್ಕು ನನ್ನ ಮಣಿಕಟ್ಟು ಹಿಡಿದರು.

ಆ ಅಜ್ಜಿಯನ್ನು ಎಲ್ಲರೂ ನೈನೈ, ಅಂದರೆ ಅಜ್ಜಿ ಅಂತಲೇ ಅನ್ನುತ್ತಾರೆ, ನಾನೂ ಹಾಗೇ ಅನ್ನೋದು. ಪರಿಚಯ ಆಗಿದ್ದು ಲಿಫ್ಟಿನಲ್ಲಿ. ರಾತ್ರಿ ಪಾಳಿ ಮುಗಿಸಿ ತಲೆ ಸಿಡಿಯುತ್ತಾ ಬಂದಿದ್ದೆ. ಹಣೆ ಒತ್ತಿಕೊಳ್ಳುತ್ತಿದ್ದದ್ದು ನೋಡಿ, ಕೇಳದೆ ಹೇಳದೆ ನನ್ನ ಕೈ ಎಳೆದುಕೊಂಡು ಹೆಬ್ಬೆರಳು ತೋರುಬೆರಳಿನ ನಡುವಿನ ಮಾಂಸವನ್ನು ಹಿಂಡಿದರು. ಜೀವ ಬಾಯಿಗೆ ಬಂತು! ಹಿಂಡುತ್ತಲೇ "ಸ್ವಾನ್ ಬು ಸ್ವಾನ್?" ಅಂತ ಕೇಳುತ್ತಿದ್ದಾರೆ. ಸ್ವಾನ್ ಅಂದರೆ ಹುಳಿ. ಇಲ್ಲಿ ಮೊಸರಿಗೆ ಸ್ವಾನ್‌ನಾಯ್, ಅಂದರೆ ಹುಳಿ ಹಾಲು ಅಂತಾರೆ. ನನಗೆ ಗೊತ್ತಿದ್ದದ್ದು ಅಷ್ಟೇ. ಮೊಸರು ಹುಳಿಯಾಗಿದೆಯಾ ಅಂತ ಕೇಳ್ತಿದ್ದಾರೇನೋ ಅಂದುಕೊಂಡು ಹೂಂ ಅಂದೆ. ಅವರಿಗೆ ಖುಷಿಯಾಗಿ ಇನ್ನೂ ಜೋರಾಗಿ ಹಿಂಡಿದರು.

ಆಮೇಲೆ ತಿಳಿಯಿತು. ಒತ್ತಿದಾಗ ಒಳಗೆ ಸುಸ್ತಾದ ಹಾಗೆ ಒಂದು ನೋವು ಬರುತ್ತಲ್ಲ, ಅದಕ್ಕೂ ಹುಳಿ ಅಂತಲೇ ಹೆಸರು. ಜೋಮು ಹಿಡಿದ ಹಾಗಾದರೆ ಮಾ, ಬಿಗಿದು ಉಬ್ಬಿದ ಹಾಗಾದರೆ ಝಾಂಗ್. ಇದರಲ್ಲಿ ಯಾವುದಾದರೂ ಬಂದರೆ ಸರಿಯಾದ ಜಾಗ ಸಿಕ್ಕಿತು ಅಂತ ಲೆಕ್ಕ. ಸುಮ್ನೆ ಚರ್ಮ ಉರಿದರೆ ಬೆರಳು ಸ್ವಲ್ಪ ಸರಿಸಬೇಕು.

ಈಗ ನಿನ್ನ ಮಣಿಕಟ್ಟಿಗೆ ಬರುತ್ತೇನೆ. ಅಂಗೈ ಮೇಲೆ ಮಾಡು. ಮಣಿಕಟ್ಟಿನ ಗೆರೆಯ ಪಕ್ಕ, ಮೊಣಕೈ ಕಡೆಗೆ, ಇನ್ನೊಂದು ಕೈಯ ಮೂರು ಬೆರಳು ಅಡ್ಡ ಇಡು. ಬೆರಳು ಮುಗಿದಲ್ಲಿ, ಮುಷ್ಟಿ ಬಿಗಿದಾಗ ಎದ್ದು ಕಾಣುವ ಎರಡು ಹುರಿಗಳ ನಡುವೆ ಹೆಬ್ಬೆರಳಿನಿಂದ ಒತ್ತು. ಅದು ನೇಯ್‌ಗ್ವಾನ್, ಅಂದರೆ ಒಳಬಾಗಿಲು. ಒಂದೆರಡು ನಿಮಿಷ ಮೆಲ್ಲಗೆ ತಿಕ್ಕಿ, ಕೈ ಬದಲಾಯಿಸು. ಬಣಕಲ್ ದಾಟುವಾಗಲೇ ಶುರು ಮಾಡು, ಹೊಟ್ಟೆ ತೊಳಸಿದ ಮೇಲಲ್ಲ.

ಬೆರಳು ನಿನ್ನದೇ ಆಗಿರಬೇಕು, ನೆನಪಿರಲಿ. ಇಲ್ಲಿಯ ಅಳತೆ ತ್ಸುನ್. ಯಾರ ಮೈಯೋ ಅವರ ಹೆಬ್ಬೆರಳಿನ ಅಗಲವೇ ಒಂದು ತ್ಸುನ್. ಹೂವಿನವಳು ತನ್ನ ಮೊಳದಲ್ಲಿ ಅಳೆದು ಮೋಸ ಮಾಡ್ತಾಳೆ ಅಂತ ಜಗಳ ಆಡ್ತೀಯಲ್ಲ, ಇಲ್ಲಿ ಆ ತಕರಾರೇ ಇಲ್ಲ.

ಇದು ನಿಜವಾಗಿ ಕೆಲಸ ಮಾಡುತ್ತಾ ಅಂತ ಅಪ್ಪ ಕೇಳೇ ಕೇಳ್ತಾರೆ. ಆಪರೇಷನ್ ಆದ ಮೇಲೆ ಬರುವ ವಾಕರಿಕೆ ಈ ಜಾಗ ಒತ್ತಿದರೆ ಸ್ವಲ್ಪ ಕಡಿಮೆಯಾಗುತ್ತೆ ಅಂತ ಪ್ರಯೋಗಗಳಲ್ಲಿ ಕಂಡಿದೆ. ಬಸ್ಸಿನ ವಾಂತಿಗೆ ಅಷ್ಟು ಗಟ್ಟಿ ಸಾಕ್ಷಿ ಇಲ್ಲ. ಮೈಯೊಳಗೆ 'ಛೀ' ಅನ್ನುವ ಶಕ್ತಿ ದಾರಿ ಹಿಡಿದು ಹರಿಯುತ್ತೆ, ಆ ದಾರಿಯಲ್ಲಿ 361 ಜಾಗಗಳಿವೆ ಅನ್ನುವ ಇವರ ಶಾಸ್ತ್ರವನ್ನು ನಾನು ಪೂರ್ತಿ ನಂಬಿಲ್ಲ. ಆದರೆ ಆವತ್ತು ನನ್ನ ತಲೆನೋವು ಇಳಿದದ್ದು ನಿಜ. ಅಜ್ಜಿಯ ಕೈಯಿಂದಲೋ, ಆಮೇಲೆ ಎಂಟು ಗಂಟೆ ನಿದ್ದೆ ಹೊಡೆದದ್ದರಿಂದಲೋ, ಹೇಗೆ ಹೇಳಲಿ?

ಒಂದು ಮಾತು. ಹೆಬ್ಬೆರಳಿನ ಪಕ್ಕದ ಆ ಜಾಗ, ಹಗು ಅಂತಾರೆ, ಸುಮಕ್ಕ ಒತ್ತಿಕೊಳ್ಳುವುದು ಬೇಡ. ಬಸುರಿಯರು ಅದನ್ನು ಮುಟ್ಟಬಾರದು ಅಂತ ಇಲ್ಲಿಯವರೇ ಹೇಳುತ್ತಾರೆ.

ಚಳಿ ಶುರುವಾಗಿದೆ. ಬೀಜಿಂಗ್ ಕಡೆ ಚಳಿಗಾಲದಲ್ಲಿ ಮನೆಮನೆಗೂ ಕೊಳವೆಯಲ್ಲಿ ಬಿಸಿ ಬರುತ್ತಂತೆ, ದಕ್ಷಿಣದ ನಮ್ಮ ಊರಿಗೆ ಆ ಭಾಗ್ಯ ಇಲ್ಲ. ಅದಕ್ಕೇ ರಾತ್ರಿ ಎಲ್ಲರ ಕಾಲೂ ಬಕೆಟ್ಟಿನಲ್ಲಿ. ಬಿಸಿನೀರಿಗೆ ಶುಂಠಿ ಮತ್ತು ಒಣಗಿದ ಆಯ್ ಎಲೆ ಹಾಕುತ್ತಾರೆ. ಮೂಸಿದ ತಕ್ಷಣ ಗಣೇಶನ ಹಬ್ಬ ನೆನಪಾಯಿತು, ನಮ್ಮ ಮಾಚಿಪತ್ರೆಯ ಜಾತಿಯದೇ! ನೀರಿನಿಂದ ಕಾಲು ತೆಗೆದು ಒರೆಸಿ, ಅಂಗಾಲಿನ ಮುಂಭಾಗದ ನಡುವಿನ ಗುಳಿಯನ್ನು ಒತ್ತಿಕೊಂಡರೆ ಒಳ್ಳೆ ನಿದ್ದೆ ಅಂತಾರೆ. ಕಾಲು ಒತ್ತಿಸಿಕೊಳ್ಳುವ ಅಂಗಡಿಗಳಿಗೇ ಈ ಊರು ಹೆಸರುವಾಸಿ. ಆದರೆ ಅಪ್ಪನಿಗೆ ಈ ಬಿಸಿನೀರಿನ ಉಪಚಾರ ಬೇಡವೇ ಬೇಡ. ಸಕ್ಕರೆ ಕಾಯಿಲೆಯಲ್ಲಿ ಪಾದ ಮರಗಟ್ಟಿರಬಹುದು, ಸುಟ್ಟರೂ ಗೊತ್ತಾಗಲ್ಲ.

ಚಮಚದಿಂದ ಬೆನ್ನು ಕೆರೆಯುವ ಗ್ವಾಷಾ ಬಗ್ಗೆ ಜಾಸ್ತಿ ಬರೆಯಲ್ಲ. ಒಂದು ಅಂಗಡಿಯಲ್ಲಿ ಮಾಡಿಸಿಕೊಂಡು ಕನ್ನಡಿ ನೋಡಿದರೆ, ಯಾರೋ ಬೆಲ್ಟಿನಲ್ಲಿ ಬಾರಿಸಿದ ಹಾಗೆ ಕೆಂಪು ಬರೆ. ಒಂದು ವಾರ ಬೇಕಾಯಿತು ಮಾಯಲು.

ಹೋದ ಭಾನುವಾರ ಇಲ್ಲಿಯ ಮ್ಯೂಸಿಯಂಗೆ ಹೋಗಿದ್ದೆ. ಮಾವಾಂಗ್‌ದ್ವೇ ಅನ್ನುವ ಕಡೆ ಸಿಕ್ಕ ಗೋರಿಗಳ ವಸ್ತುಗಳಿವೆ. ಕ್ರಿಸ್ತಪೂರ್ವ 168ರಲ್ಲಿ ಮುಚ್ಚಿದ ಒಂದು ಗೋರಿಯಲ್ಲಿ, 1973ರಲ್ಲಿ, ಒಂದು ರೇಷ್ಮೆ ಬಟ್ಟೆ ಸಿಕ್ಕಿತಂತೆ. ಅದರಲ್ಲಿ 44 ಜನ ವ್ಯಾಯಾಮ ಮಾಡುತ್ತಿರುವ ಚಿತ್ರ. ಒಂದರ ಪಕ್ಕ ಮಂಡಿನೋವಿಗೆ ಅಂತ ಬರೆದಿದೆ, ನಿನ್ನ ನೆನಪಾಯಿತು. ಆ ಗೋರಿ ಮಗನದ್ದು ಅಂತಾರೆ. ಅಮ್ಮನ ಗೋರಿ ಪಕ್ಕದಲ್ಲೇ ಇತ್ತು, ಆಕೆಯ ದೇಹ ಇನ್ನೂ ಕೆಟ್ಟಿಲ್ಲ. ಪರೀಕ್ಷೆ ಮಾಡಿದರೆ ರಕ್ತನಾಳ ಕಟ್ಟಿಕೊಂಡಿದೆ, ಪಿತ್ತಕೋಶದಲ್ಲಿ ಕಲ್ಲು, ಹೊಟ್ಟೆಯಲ್ಲಿ 138 ಕರಬೂಜದ ಬೀಜ! ಮಗನ ಹತ್ತಿರ ವ್ಯಾಯಾಮದ ಪಟ, ಅಮ್ಮ ಮಾತ್ರ ಹಣ್ಣು ತಿಂದುಕೊಂಡು ಹಾಯಾಗಿದ್ದಳು. ಅಮ್ಮಂದಿರು ಆಗಲೂ ಮಕ್ಕಳ ಮಾತು ಕೇಳುತ್ತಿರಲಿಲ್ಲ ಅನ್ನಿಸುತ್ತೆ.

ಬಿಪಿ ಮಾತ್ರೆ ಮರೆಯದೆ ತಗೋ. ಬಸ್ಸಿನಲ್ಲಿ ಮುಂದಿನ ಸೀಟು ಹಿಡಿ, ನಿಂಬೆಹಣ್ಣೂ ಇಟ್ಟುಕೋ. ನೀರುದೋಸೆ ಒಂದಾದರೂ ತಿನ್ನು. ನೈನೈ ದಿನಾ ಕೇಳುತ್ತಿದ್ದಾರೆ, ನಿಮ್ಮಮ್ಮ ಯಾವಾಗ ಬಸ್ಸು ಹತ್ತುತ್ತಾರೆ ಅಂತ.

ನಿನ್ನ ಮಗ,
ರವಿ