ಟ್ಯಾಂಗೊ ತರಗತಿಗೆ ಹತ್ತು ವರ್ಷ: ಒಂದು ಕೃತಜ್ಞತೆಯ ಬರಹ

ಬೆಂಗಳೂರಿನಲ್ಲಿ ನಾನು ನಡೆಸುತ್ತಿರುವ ಟ್ಯಾಂಗೊ (ಅರ್ಜೆಂಟೀನಾದ ಜೋಡಿ ನೃತ್ಯ) ತರಗತಿಗೆ ಹತ್ತು ವರ್ಷ ತುಂಬಿದ ಈ ಸಂದರ್ಭದಲ್ಲಿ, ನನ್ನನ್ನು ಇಲ್ಲಿಯವರೆಗೆ ನಡೆಸಿಕೊಂಡು ಬಂದವರಿಗೆ ಬಹಿರಂಗವಾಗಿ ವಂದಿಸಬೇಕೆನಿಸಿದೆ.

ಮೊದಲ ನಮಸ್ಕಾರ ನನ್ನ ಭರತನಾಟ್ಯದ ಗುರುಗಳಿಗೆ. ಅರೆಮಂಡಿಯಲ್ಲಿ ನಿಲ್ಲಿಸಿ, ಕಾಲಿಗಿಂತ ಮೊದಲು ಕಿವಿಯನ್ನು ತಿದ್ದಿದವರು ಅವರು. ಶಿಷ್ಯೆ ಬೇರೆ ನಾಡಿನ ನೃತ್ಯದತ್ತ ಹೊರಳಿದಾಗಲೂ ಬೇಸರಿಸದೆ, "ಹೋಗಮ್ಮ, ಅರ್ಧಕ್ಕೆ ಬಿಡದೆ ಕಲಿತು ಬಾ" ಎಂದು ಹರಸಿ ಕಳುಹಿಸಿದರು.

ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್‌ನ ನನ್ನ ಶಿಕ್ಷಕಿ ಬಹುಕಾಲ ನಡಿಗೆಯೊಂದನ್ನೇ ಹೇಳಿಕೊಟ್ಟರು. ಮೈಭಾರವೆಲ್ಲ ಒಂದು ಕಾಲಿನ ಮೇಲೆ ನೆಲೆಗೊಂಡ ನಂತರವೇ ಇನ್ನೊಂದು ಕಾಲು ನೆಲವನ್ನು ಸವರುತ್ತ ಸಾಗಬೇಕು. ಮುನ್ನಡೆಯುವ ಸೂಚನೆ ಎದೆಯಿಂದ ಹೊರಡಬೇಕು. ಜೊತೆಗಾರರು ಹೆಜ್ಜೆ ಮುಗಿಸುವತನಕ ಕಾಯಬೇಕು. ಕಾರ್ಲೋಸ್ ದಿ ಸಾರ್ಲಿಯವರ ವಾದ್ಯವೃಂದದ ಧ್ವನಿಮುದ್ರಣಗಳನ್ನು ಹಾಕಿ, ಪಿಟೀಲುಗಳು ಉಸಿರೆಳೆದುಕೊಳ್ಳುವ ಜಾಗದಲ್ಲಿ ನಾವೂ ನಿಲ್ಲುವಂತೆ ಮಾಡುತ್ತಿದ್ದ ಅವರ ತಾಳ್ಮೆಯೇ ಇಂದಿಗೂ ನನ್ನ ಪಾಠಕ್ರಮ.

ಅದೇ ನಗರದ ಸಂಡರ್‌ಲ್ಯಾಂಡ್ ಕ್ಲಬ್ಬಿನಲ್ಲಿ, ಬಾಸ್ಕೆಟ್‌ಬಾಲ್ ಅಂಕಣದ ಮೇಲೆಯೇ ನಡೆಯುವ ಮಿಲೊಂಗಾ ಎಂಬ ಟ್ಯಾಂಗೊ ಕುಣಿತದ ಕೂಟದಲ್ಲಿ, ಹೊಸಬಳಾದ ನನ್ನನ್ನು ದೂರದ ಮೇಜಿನಿಂದ ಕಣ್ಸನ್ನೆಯಲ್ಲೇ ಕರೆದು, ಒಂದು ಸರದಿಯ ಹಾಡುಗಳೆಲ್ಲ ಮುಗಿಯುವವರೆಗೂ ಜೊತೆಗೆ ಕುಣಿದು, ಆಮೇಲೆ ನನ್ನ ಕುರ್ಚಿಯವರೆಗೂ ಬಂದು ಬಿಟ್ಟುಹೋದ ಹಿರಿಯರಿಗೆ ನಾನು ಋಣಿ. ನನ್ನ ಹೆಜ್ಜೆ ತಪ್ಪಿದಾಗಲೆಲ್ಲ ಅವರು ತಮ್ಮ ಹೆಜ್ಜೆಯನ್ನೇ ಅದಕ್ಕೆ ಹೊಂದಿಸಿಕೊಳ್ಳುತ್ತಿದ್ದರು. 2009ರಲ್ಲಿ ಯುನೆಸ್ಕೊ ಟ್ಯಾಂಗೊವನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಪರಂಪರೆಯನ್ನು ನಾನು ಕಣ್ಣಾರೆ ಕಂಡದ್ದು ಇಂಥ ಸೌಜನ್ಯದಲ್ಲಿ.

2020ರಲ್ಲಿ ಅಪ್ಪುಗೆಯೇ ಅಪಾಯಕಾರಿಯಾಯಿತು, ಅಪ್ಪುಗೆಯಿಲ್ಲದೆ ಟ್ಯಾಂಗೊ ಇಲ್ಲ. ಆಗ ಫೋನನ್ನು ಅಡುಗೆಮನೆಯ ಡಬ್ಬಿಗೆ ಒರಗಿಸಿಟ್ಟು ಒಬ್ಬೊಬ್ಬರೇ ನಡಿಗೆಯ ಅಭ್ಯಾಸ ಮಾಡಿದ, ನಾನು ಬೇಡವೆಂದರೂ ಶುಲ್ಕವನ್ನು ತಪ್ಪದೆ ಕಳುಹಿಸಿದ ವಿದ್ಯಾರ್ಥಿಗಳಿಂದಲೇ ಈ ತರಗತಿ ಉಳಿಯಿತು. ಬಾಗಿಲು ಮುಚ್ಚಿದ್ದ ತಿಂಗಳುಗಳ ಬಾಡಿಗೆಯ ಮಾತನ್ನೇ ಎತ್ತದ ಸಭಾಂಗಣದ ಯಜಮಾನರ ಉಪಕಾರವನ್ನು ಮರೆಯಲಾರೆ. ರಾತ್ರಿ ಎಷ್ಟು ಹೊತ್ತಾದರೂ ಊಟಕ್ಕೆ ಕಾದು ಕೂತ ಅಮ್ಮನಿಗೆ ಏನು ಹೇಳಿದರೂ ಕಡಿಮೆಯೇ.

ಗಾಯಕ ಕಾರ್ಲೋಸ್ ಗಾರ್ದೆಲ್ ಅವರ ಜನ್ಮದಿನವಾದ ಡಿಸೆಂಬರ್ 11ನ್ನು ಅರ್ಜೆಂಟೀನಾ ರಾಷ್ಟ್ರೀಯ ಟ್ಯಾಂಗೊ ದಿನವಾಗಿ ಆಚರಿಸುತ್ತದೆ. ಅಂದು ಸಂಜೆ ನಮ್ಮ ಸಭಾಂಗಣದಲ್ಲಿಯೂ ಎಲ್ಲರೂ ಸೇರಲಿದ್ದೇವೆ. ಮಧ್ಯದಲ್ಲಿ ಕಲಿಕೆ ನಿಲ್ಲಿಸಿದವರೂ ಸಂಕೋಚವಿಲ್ಲದೆ ಬರಬೇಕೆಂದು ಪ್ರೀತಿಯಿಂದ ಕೋರುತ್ತೇನೆ.