ಹಳೆಯ ಜರ್ಮನ್ ಕಾರು ಕೊಳ್ಳುವ ಮುನ್ನ ಕಾರ್ಪೆಟ್ ಎತ್ತಿ ನೋಡಿ

ಮಾನ್ಯ ಸಂಪಾದಕರೇ,

ಹತ್ತು-ಹದಿನೈದು ವರ್ಷ ಹಳೆಯ ಬಿಎಂಡಬ್ಲ್ಯು 3 ಸೀರೀಸ್, ಬೆಂಜ್ ಸಿ-ಕ್ಲಾಸ್, ಆಡಿ ಎ4 ಕಾರುಗಳು ಈಗ ಹೊಸ ಸಣ್ಣ ಕಾರಿನ ದರಕ್ಕೆ ಸಿಗುತ್ತವೆ. ನಿಮ್ಮ ವರ್ಗೀಕೃತ ಪುಟದಲ್ಲೂ ಅವುಗಳ ಜಾಹೀರಾತು ಬರುತ್ತದೆ. ಮಂಗಳೂರು, ಉಡುಪಿ ಕಡೆ ಇವನ್ನು ಕೊಂಡು ಮನೆಯಂಗಳದಲ್ಲೇ ರಿಪೇರಿ ಮಾಡಿಕೊಳ್ಳುವವರು ಸಾಕಷ್ಟಿದ್ದಾರೆ. ಸ್ಪ್ಯಾನರ್ ಹಿಡಿದು ಅಭ್ಯಾಸವಿದ್ದವರು ಈ ಕಾರುಗಳಿಗೆ ಹೆದರಬೇಕಿಲ್ಲ. ಆದರೆ ಕೊಳ್ಳುವಾಗ ಎಲ್ಲರೂ ಎಂಜಿನ್ ಸದ್ದು ಕೇಳುತ್ತಾರೆ, ಮೀಟರ್ ನೋಡುತ್ತಾರೆ. ನೀರು ಎಲ್ಲಿ ನಿಂತಿದೆ ಎಂದು ನೋಡುವವರು ಕಡಿಮೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ನಮ್ಮ ಕರಾವಳಿಯಲ್ಲಿ ಇವು ಕೆಡುವುದು ಹೆಚ್ಚಾಗಿ ಅಲ್ಲಿಂದಲೇ. ಮಳೆಗಾಲದ ಹೊಸ್ತಿಲಿನಂತಿರುವ ತುಳುನಾಡಿನ ಪತ್ತನಾಜೆ (ಮೇ ಕೊನೆಯ ಭಾಗ) ಹತ್ತಿರ ಬಂತು, ಹಾಗಾಗಿ ಅದನ್ನೇ ಮೊದಲು ಬರೆಯುತ್ತೇನೆ.

ಸನ್‌ರೂಫಿನ ರಬ್ಬರ್ ಮಳೆಯನ್ನು ಪೂರ್ತಿ ತಡೆಯುವುದಿಲ್ಲ. ಒಳಗೆ ನುಸುಳಿದ ನೀರು ಚೌಕಟ್ಟಿನ ಕಾಲುವೆಗೆ ಬಿದ್ದು, ನಾಲ್ಕು ಮೂಲೆಗಳಲ್ಲಿರುವ ಸಣ್ಣ ಕೊಳವೆಗಳ ಮೂಲಕ, ಛಾವಣಿ ಹೊತ್ತ ಕಂಬಗಳ ಒಳಗಿನಿಂದ ಇಳಿದು ಹೊರಹೋಗಬೇಕು. ಮಾವಿನ ಮರದಡಿ, ತೆಂಗಿನ ಮರದಡಿ ನಿಲ್ಲಿಸಿದ ಕಾರಿನಲ್ಲಿ ಹೂವು, ಧೂಳು, ಪಾಚಿ ಸೇರಿ ಈ ಕೊಳವೆ ಕಟ್ಟುತ್ತದೆ. ಮುಂದಿನ ಕೊಳವೆ ಕಟ್ಟಿದರೆ ನೀರು ಕಾಲಿಡುವ ಜಾಗಕ್ಕೆ ಇಳಿಯುತ್ತದೆ, ಹಿಂದಿನದು ಕಟ್ಟಿದರೆ ಡಿಕ್ಕಿಗೆ. ಕಂಪ್ರೆಸರ್ ಗಾಳಿ ಊದಿ ಬಿಡಿಸಲು ಹೋಗಬೇಡಿ. ಒತ್ತಡಕ್ಕೆ ಕೊಳವೆಯ ಜೋಡಣೆ ಕಂಬದೊಳಗೆ ಕಳಚಿಕೊಂಡರೆ ಛಾವಣಿಯ ಬಟ್ಟೆಯನ್ನೇ ಇಳಿಸಬೇಕಾಗುತ್ತದೆ. ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರ ಇದಕ್ಕೆ ಹೇಳಿಮಾಡಿಸಿದ ಸಾಮಾನು. ತುದಿಯನ್ನು ಬೆಂಕಿಗೆ ಹಿಡಿದು ಗುಂಡಗೆ ಮಾಡಿ, ನಿಧಾನವಾಗಿ ತಳ್ಳಿ. ಆಮೇಲೆ ಒಂದೊಂದು ಮೂಲೆಗೂ ಅರ್ಧ ಲೋಟ ನೀರು ಹೊಯ್ದು ಕೆಳಗೆ ನೋಡಿ. ಮುಂದಿನದು ಮುಂಬಾಗಿಲ ಕೀಲಿನ ಬಳಿ ಅಥವಾ ಮುಂಚಕ್ರದ ಲೈನರ್ ಹಿಂದೆ, ಹಿಂದಿನದು ಹಿಂಚಕ್ರದ ಬಳಿ ಇಳಿಯಬೇಕು. ಹೊಯ್ದಷ್ಟೂ ಹೊರಬರದಿದ್ದರೆ ಉಳಿದದ್ದು ಕಾರಿನೊಳಗೇ ಇದೆ.

ಎರಡನೆಯ ಜಾಗ ಮುಂದಿನ ಗಾಜಿನ ಬುಡ. ವೈಪರ್ ಕೆಳಗಿನ ಪ್ಲಾಸ್ಟಿಕ್ ಜಾಲರಿಯ ಅಡಿಯಲ್ಲಿ ತೊಟ್ಟಿಯಂಥ ಜಾಗವಿದ್ದು, ಅದರ ತಳದಲ್ಲಿ ರಬ್ಬರ್ ಬಾಯಿಯ ತೂತುಗಳಿರುತ್ತವೆ. ಆಡಿ ಕಾರುಗಳಲ್ಲಿ ಇಲ್ಲಿ ಎಲೆ ಕೊಳೆತು ಕೆಸರಾಗಿ ತೂತು ಮುಚ್ಚುವುದು ತೀರಾ ಸಾಮಾನ್ಯ. ಹಲವು ಮಾದರಿಗಳಲ್ಲಿ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಪೆಟ್ಟಿಗೆಯೂ ಅಲ್ಲೇ ಇದೆ. ನೀರಿನ ಮಟ್ಟ ಏರಿದರೆ ಎಸಿ ಗಾಳಿ ಒಳಹೋಗುವ ದಾರಿಯಿಂದ ಅಥವಾ ವೈರಿಂಗ್ ರಬ್ಬರಿನ ಸಂದಿನಿಂದ ಕ್ಯಾಬಿನ್‌ಗೆ ನುಗ್ಗುತ್ತದೆ. ಬಾನೆಟ್ ತೆಗೆದು ಜಾಲರಿ ಬಿಚ್ಚಿ ಕೈಯಿಂದ ಕೆಸರು ತೆಗೆಯುವುದು ಅರ್ಧ ಗಂಟೆಯ ಕೆಲಸ. ಮೇ ಕೊನೆಗೊಮ್ಮೆ, ಆಟಿಯಲ್ಲಿ (ಜುಲೈ-ಆಗಸ್ಟ್) ಇನ್ನೊಮ್ಮೆ ಮಾಡಿದರೆ ಸಾಕು.

ಇದಕ್ಕೆ ಇಷ್ಟು ಒತ್ತು ಯಾಕೆಂದರೆ, ಈ ಕಾರುಗಳ ಬೇರೆ ಬೇರೆ ಭಾಗಗಳನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಮಾಡ್ಯೂಲ್‌ಗಳು ಕೆಳಮಟ್ಟದಲ್ಲೇ ಕುಳಿತಿರುತ್ತವೆ. ಕೆಲವು ಆಡಿಗಳಲ್ಲಿ ಬಾಗಿಲ ಲಾಕ್, ಕಿಟಕಿ ನೋಡಿಕೊಳ್ಳುವ ಕಂಫರ್ಟ್ ಮಾಡ್ಯೂಲ್ ಮುಂದಿನ ಕಾರ್ಪೆಟ್‌ನ ಅಡಿಯಲ್ಲಿದೆ. ಬಿಎಂಡಬ್ಲ್ಯು 3 ಮತ್ತು 5 ಸೀರೀಸ್‌ನಲ್ಲಿ ಬ್ಯಾಟರಿ ಡಿಕ್ಕಿಯಲ್ಲಿದೆ. ಸಿ-ಕ್ಲಾಸ್‌ನಲ್ಲಿ ಹಿಂದಿನ ಫ್ಯೂಸ್ ಪೆಟ್ಟಿಗೆಯೂ ಅಲ್ಲೇ. ಕಾರ್ಪೆಟ್ ಮೇಲೆ ಒಣಗಿದಂತೆ ಕಂಡರೂ ಅಡಿಯ ದಪ್ಪ ಸ್ಪಂಜು ತಿಂಗಳುಗಟ್ಟಲೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ಕಾರು ನೋಡಲು ಹೋದಾಗ ಬಾಗಿಲ ಹೊಸ್ತಿಲಿನ ಪಟ್ಟಿ ಎಬ್ಬಿಸಿ, ಕಾರ್ಪೆಟ್ ಅಂಚಿನಿಂದ ಕೈ ತೂರಿಸಿ ಸ್ಪಂಜನ್ನೇ ಹಿಂಡಿ ನೋಡಿ. ಮುಗ್ಗಲು ವಾಸನೆ, ಸೀಟಿನ ಬೋಲ್ಟ್‌ಗೆ ತುಕ್ಕು, ಸೀಟಿನಡಿಯ ಕನೆಕ್ಟರ್‌ನಲ್ಲಿ ಹಸಿರು ಕಿಲುಬು ಇದ್ದರೆ ಅಲ್ಲಿಂದಲೇ ಹಿಂತಿರುಗುವುದು ಲೇಸು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಮಣ್ಣಿನ ಗೆರೆ ಕಂಡರೆ ಅದು ನೆರೆಯಲ್ಲಿ ಮುಳುಗಿದ ಕಾರು. 2018ರಲ್ಲಿ ಕೇರಳದಲ್ಲೂ 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲೂ ಇಂಥ ಕಾರುಗಳು ಮುಳುಗಿದ್ದು ಎಲ್ಲರಿಗೂ ಗೊತ್ತು.

ಈಗಾಗಲೇ ಇರುವ ಕಾರಿನಲ್ಲಿ ನೀರು ಸಿಕ್ಕಿದರೆ ಸೀಟು ಬಿಚ್ಚದೆ ಒಣಗುವುದಿಲ್ಲ. ಬ್ಯಾಟರಿಯ ನೆಗೆಟಿವ್ ತೆಗೆದು ಕಾಲು ಗಂಟೆ ಕಾದು, ಆಮೇಲೆ ಸೀಟಿನಡಿಯ ಹಳದಿ ಕನೆಕ್ಟರ್ ಬಿಡಿಸಿ, ಅದು ಏರ್‌ಬ್ಯಾಗಿನದು. ಸೀಟು ಹೊರಗಿರುವಾಗ ಇಗ್ನಿಷನ್ ಹಾಕಿದರೆ ಏರ್‌ಬ್ಯಾಗ್ ದೀಪ ಹತ್ತಿ ಉಳಿಯುತ್ತದೆ, ಸ್ಕ್ಯಾನರ್ (ಕಾರಿನಲ್ಲಿ ದಾಖಲಾದ ದೋಷದ ಕೋಡ್ ಓದಿ ಅಳಿಸುವ ಉಪಕರಣ) ಇಲ್ಲದೆ ಆರುವುದಿಲ್ಲ.

ಸ್ಕ್ಯಾನರ್ ಬಗ್ಗೆ. ಅಗ್ಗದ ಬ್ಲೂಟೂತ್ ತುಂಡು ಎಂಜಿನ್ ಕೋಡ್ ಮಾತ್ರ ಓದುತ್ತದೆ. ಆಡಿಗೆ ವಿಸಿಡಿಎಸ್ ಎಂಬ ತಂತ್ರಾಂಶ, ಬಿಎಂಡಬ್ಲ್ಯುವಿನ ಎಫ್ ಸಂಕೇತದ ಮಾದರಿಗಳಿಗೆ ಇನೆಟ್ ಕೇಬಲ್, ಅದಕ್ಕೂ ಹಿಂದಿನ ಇ ಸಂಕೇತದ ಮಾದರಿಗಳಿಗೆ ಕೆ-ಡಿಕ್ಯಾನ್ ಕೇಬಲ್ ಬೇಕು. ಎಲ್ಲ ಮಾಡ್ಯೂಲ್‌ಗಳನ್ನೂ ಓದಿದರೆ ಮೀಟರ್ ತಿರುಗಿಸಿದ್ದೂ ಹಲವು ಸಲ ಬಯಲಾಗುತ್ತದೆ: ಮೀಟರ್ 78,000 ಕಿ.ಮೀ. ತೋರಿಸುತ್ತಿದ್ದರೂ, ಹಳೆಯ ದೋಷವೊಂದು 1,60,000ದಲ್ಲಿ ದಾಖಲಾಗಿರುತ್ತದೆ. ದಿಲ್ಲಿ ಸುತ್ತಮುತ್ತ 10 ವರ್ಷ ಮೀರಿದ ಡೀಸೆಲ್ ಕಾರುಗಳಿಗೆ ನಿರ್ಬಂಧ ಬಂದ ಮೇಲೆ ಅಗ್ಗವಾಗಿ ದಕ್ಷಿಣಕ್ಕೆ ಬಂದ ಕಾರುಗಳಿಗೆ ಈ ಪರೀಕ್ಷೆ ಕಡ್ಡಾಯ ಎಂದೇ ಹೇಳುತ್ತೇನೆ.

ಎಂಜಿನ್ ವಿಷಯಕ್ಕೆ ಬಂದರೆ, ಕಾರನ್ನು ಮೊದಲೇ ಸ್ಟಾರ್ಟ್ ಮಾಡಿಡಬೇಡಿ ಎಂದು ಮಾರುವವರಿಗೆ ತಿಳಿಸಿ, ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ಬಿಸಿಯಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ. ಬಿಎಂಡಬ್ಲ್ಯುವಿನ ಎನ್47 ಡೀಸೆಲ್‌ನಲ್ಲಿ ಟೈಮಿಂಗ್ ಚೈನ್ (ವಾಲ್ವುಗಳನ್ನು ಸಮಯಕ್ಕೆ ಸರಿಯಾಗಿ ತೆರೆದು ಮುಚ್ಚಿಸುವ ಸರಪಳಿ) ಇರುವುದು ಎಂಜಿನ್ನಿನ ಹಿಂಬದಿ, ಗೇರ್‌ಬಾಕ್ಸ್ ಕಡೆಗೆ. 2007ರಿಂದ 2011ರವರೆಗಿನವುಗಳಲ್ಲಿ ಇದರ ಸವೆತ ಹೆಚ್ಚು. 1,500–2,000 ಆರ್‌ಪಿಎಂನಲ್ಲಿ ಹಿಂಬದಿಯಿಂದ ಕರಕರ ಸದ್ದು ಬಂದರೆ, ಗೇರ್‌ಬಾಕ್ಸನ್ನೋ ಇಡೀ ಎಂಜಿನ್ನನ್ನೋ ಇಳಿಸದೆ ದಾರಿಯಿಲ್ಲ; ಅಂಗಳದಲ್ಲಿ ಅದು ಆಗುವ ಕೆಲಸವಲ್ಲ. ಬೆಂಜ್‌ನ ಓಎಂ651 ಡೀಸೆಲ್‌ನಲ್ಲೂ ಚೈನ್ ಹಿಂದೆಯೇ. ಜತೆಗೆ ಅದರ ಮೊದಲ ವರ್ಷಗಳ, ಡೀಸೆಲ್ ಸಿಂಪಡಿಸುವ ಪಿಯೆಜೊ ಇಂಜೆಕ್ಟರ್‌ಗಳು ತೊಂದರೆ ಕೊಟ್ಟವು. ಬದಲಾಯಿಸಿದ್ದರೆ ಬಿಲ್ ಕೇಳಿ. ಆ ಕಾಲದ ಆಡಿ 2.0 ಟಿಎಫ್‌ಎಸ್‌ಐ ಪೆಟ್ರೋಲ್ ಪಿಸ್ಟನ್ ರಿಂಗ್ ದೋಷದಿಂದ ಆಯಿಲ್ ಕುಡಿಯುತ್ತದೆ. ಸಾವಿರ ಕಿಲೋಮೀಟರಿಗೆ ಅರ್ಧ ಲೀಟರಿಗಿಂತ ಹೆಚ್ಚು ಇಳಿಯುವುದಾದರೆ ಬೇಡ.

ಎಂಜಿನ್ ಆಯಿಲ್ ಬದಲಿಸುವುದು ಯಾರೂ ಮಾಡಬಹುದಾದ ಕೆಲಸ. ಡೀಸೆಲ್ ಕಾರಾದರೆ, ಕಂಪನಿ ಒಪ್ಪಿದ ಆಯಿಲ್ ಎಂಬ ಗುರುತಾಗಿ ಬಿಎಂಡಬ್ಲ್ಯುವಿಗೆ ಲಾಂಗ್‌ಲೈಫ್-04, ಬೆಂಜ್‌ಗೆ 229.51, ಆಡಿಗೆ 507.00 ಎಂದು ಡಬ್ಬದ ಮೇಲೆ ಬರೆದಿರಬೇಕು. 5ಡಬ್ಲ್ಯು-30 ಎಂದಷ್ಟೇ ಇದ್ದರೆ ಸಾಲದು. ಎನ್47ಗೆ 5.2 ಲೀಟರ್. ಅದರ ಡ್ರೇನ್ ಬೋಲ್ಟಿಗೆ (ಆಯಿಲ್ ಇಳಿಸುವ ಬೋಲ್ಟ್) ಟಾರ್ಕ್ ರೆಂಚಿನಲ್ಲಿ 25 ನ್ಯೂಟನ್ ಮೀಟರ್ ಬಿಗಿ, ಪ್ರತಿ ಸಲ ಹೊಸ ವಾಷರ್. ಡ್ಯಾಶ್‌ಬೋರ್ಡ್ ಹೇಳುವ ಅವಧಿಗೆ ಕಾಯದೆ ವರ್ಷಕ್ಕೊಮ್ಮೆ ಅಥವಾ 10,000 ಕಿ.ಮೀ.ಗೆ ಬದಲಿಸಿ. ಕೂಲೆಂಟ್‌ಗೆ ಬಾವಿ ನೀರು ಸೇರಿಸಬೇಡಿ. ಕಂಪನಿ ಹೇಳಿದ ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ನೀರು ಅರ್ಧ. ಎಕ್ಸ್‌ಪಾನ್ಶನ್ ಟ್ಯಾಂಕ್, ಥರ್ಮೋಸ್ಟಾಟ್ ಕವಚ ಎಲ್ಲ ಪ್ಲಾಸ್ಟಿಕ್ಕೇ ಆದ್ದರಿಂದ ಹತ್ತು ವರ್ಷಕ್ಕೆ ಬಿರುಕು ಬಿಡುತ್ತವೆ. ಶಿರಾಡಿ ಘಾಟಿ ಹತ್ತುವಾಗ ಬಿಸಿಯ ಎಚ್ಚರಿಕೆ ಬಂದರೆ ಆ ಕ್ಷಣವೇ ಎಂಜಿನ್ ನಿಲ್ಲಿಸಿ. ಎಂಜಿನ್ನಿನ ಅಲ್ಯೂಮಿನಿಯಂ ಹೆಡ್ ಬಾಗಿದರೆ ಕಾರಿನ ಬೆಲೆಯೇ ಕೈಬಿಟ್ಟ ಹಾಗೆ.

ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ಜೀವಮಾನಕ್ಕೆ ಸಾಕು ಎಂದು ಬಿಎಂಡಬ್ಲ್ಯು ಹೇಳಿದರೂ, ಅದನ್ನು ತಯಾರಿಸಿದ ಝಡ್‌ಎಫ್ ಕಂಪನಿ 80,000–1,20,000 ಕಿ.ಮೀ.ಗೆ ಅಥವಾ 8 ವರ್ಷಕ್ಕೆ ಬದಲಿಸಲು ಹೇಳುತ್ತದೆ. ಝಡ್‌ಎಫ್ ಮಾತನ್ನೇ ಕೇಳಿ. ಎಂಟು ಗೇರಿನ ಪೆಟ್ಟಿಗೆಯಲ್ಲಿ ಫಿಲ್ಟರ್ ಪ್ಲಾಸ್ಟಿಕ್ ಪ್ಯಾನಿನೊಳಗೇ ಇರುವುದರಿಂದ ಪ್ಯಾನನ್ನೇ ಬದಲಿಸಬೇಕು. ಅದರ ಬೋಲ್ಟುಗಳಿಗೆ 10 ನ್ಯೂಟನ್ ಮೀಟರ್ ಸಾಕು. ಮೊದಲು ಆಯಿಲ್ ತುಂಬುವ ಬೋಲ್ಟ್ ಸಡಿಲವಾಗುತ್ತದೆಯೇ ನೋಡಿ, ನಂತರವೇ ಡ್ರೇನ್ ಬಿಚ್ಚಿ; ಹಳೆಯದನ್ನು ಹೊರಬಿಟ್ಟ ಮೇಲೆ ತುಂಬುವ ಬೋಲ್ಟ್ ಹಿಡಿದುಕೊಂಡರೆ ಕಾರು ಅಲ್ಲೇ ಕೂರುತ್ತದೆ. ಕಾರು ನಾಲ್ಕೂ ಕಡೆ ಸಮಮಟ್ಟದಲ್ಲಿರಬೇಕು. ಎಂಜಿನ್ ನಿಂತಿರುವಾಗಲೇ ಹೊಸ ಆಯಿಲನ್ನು ತೂತಿನಿಂದ ಹೊರಚೆಲ್ಲುವವರೆಗೆ ತುಂಬಿಸಿ, ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿ. ಬ್ರೇಕ್ ಒತ್ತಿ ಎಲ್ಲ ಗೇರನ್ನೂ ಒಮ್ಮೆ ಹಾಕಿ ಪಾರ್ಕ್‌ಗೆ ತಂದು, ಎಂಜಿನ್ ಓಡುತ್ತಲೇ, ಆಯಿಲ್ 30–50 ಡಿಗ್ರಿ ಇರುವಾಗ ತುಂಬುವ ತೂತಿನಿಂದ ಸಣ್ಣ ಎಳೆಯಾಗಿ ಇಳಿಯುವವರೆಗೆ ತುಂಬಿಸಿ. ನಮ್ಮ ಸೆಕೆಗೆ 50 ದಾಟಲು ಹೊತ್ತು ಬೇಡ. ಬೆಳಿಗ್ಗೆ ಕಾರು ತಣ್ಣಗಿರುವಾಗಲೇ ಶುರುಮಾಡಿ.

ಹೊಸ ಬ್ಯಾಟರಿ ಹಾಕಿದಾಗ ಬಿಎಂಡಬ್ಲ್ಯುವಿಗೆ ಅದನ್ನು ಸ್ಕ್ಯಾನರ್ ಮೂಲಕ ತಿಳಿಸಬೇಕು. ಇಲ್ಲದಿದ್ದರೆ ಹಳೆಯ ಬ್ಯಾಟರಿ ಎಂದೇ ಭಾವಿಸಿ ಅತಿಯಾಗಿ ಚಾರ್ಜ್ ಮಾಡಿ ಬೇಗ ಕೆಡಿಸುತ್ತದೆ. ಎಜಿಎಂ ಎಂಬ ಬಗೆಯ ಬ್ಯಾಟರಿ ಇದ್ದ ಕಡೆ ಅದೇ ಬೇಕು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವುದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸಿ. ಬ್ರೇಕ್ ಕ್ಯಾಲಿಪರ್ ಪಿನ್ನಿಗೆ ಗ್ರೀಸ್ ಹಚ್ಚುವುದಾದರೆ ಸಿಲಿಕಾನ್ ಗ್ರೀಸ್ ಮಾತ್ರ. ಸಾಮಾನ್ಯ ಗ್ರೀಸ್ ತಾಗಿದರೆ ರಬ್ಬರ್ ಉಬ್ಬಿ ಪಿನ್ ಜಾಮ್ ಆಗುತ್ತದೆ.

ಒಂದು ಮಾತು ಕೈಮುಗಿದು ಹೇಳಬೇಕಾದದ್ದು. ಒಂದೂವರೆ ಟನ್ ಕಾರನ್ನು ಕೆಂಪುಕಲ್ಲಿನ ಮೇಲೆ ನಿಲ್ಲಿಸಿ ಅಡಿಗೆ ಹೋಗಬೇಡಿ. ನೆನೆದ ಕೆಂಪುಕಲ್ಲು ಮುನ್ಸೂಚನೆಯಿಲ್ಲದೆ ಒಡೆಯುತ್ತದೆ. 3 ಟನ್ ಸಾಮರ್ಥ್ಯದ ಸ್ಟ್ಯಾಂಡ್‌ಗಳು, ಅವುಗಳಡಿಗೆ ಗಟ್ಟಿ ಕಾಂಕ್ರೀಟ್ ನೆಲ ಇರಲಿ. ಜ್ಯಾಕ್ ಎತ್ತಲು ಮಾತ್ರ, ಹೊತ್ತು ನಿಲ್ಲಲು ಅಲ್ಲ. ತೆಗೆದ ಆಯಿಲನ್ನು ತೋಡಿಗೆ ಚೆಲ್ಲಬೇಡಿ, ನಮ್ಮ ತೋಡುಗಳು ಹೋಗುವುದು ನೇತ್ರಾವತಿಗೆ, ಫಲ್ಗುಣಿಗೆ. ಡಬ್ಬಕ್ಕೆ ತುಂಬಿಸಿ ಹಳೆಯ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ.

ಕಾಗದಪತ್ರದ ವಿಷಯದಲ್ಲಿ ಹೊರರಾಜ್ಯದ ಕಾರಾದರೆ ಅಲ್ಲಿನ ಎನ್‌ಒಸಿ, ಸಾಲವಿದ್ದರೆ ಅದು ತೀರಿದ್ದಕ್ಕೆ ಬ್ಯಾಂಕಿನ ಫಾರ್ಮ್ 35, ವರ್ಗಾವಣೆಗೆ ಫಾರ್ಮ್ 29 ಮತ್ತು 30 ಕೈಗೆ ಬರದೆ ಪೂರ್ತಿ ಹಣ ಕೊಡಬೇಡಿ. ಇಲ್ಲಿ ಕಟ್ಟಬೇಕಾದ ಆಜೀವ ತೆರಿಗೆಯನ್ನು ಕಾರಿನ ಮೂಲ ಬೆಲೆ ಮತ್ತು ವಯಸ್ಸು ನೋಡಿ ಲೆಕ್ಕ ಹಾಕುತ್ತಾರೆ, ನೀವು ಕೊಟ್ಟ ದರ ನೋಡಿ ಅಲ್ಲ. ಚೌಕಾಸಿಗೆ ಮೊದಲೇ ಆರ್‌ಟಿಒದಲ್ಲಿ ವಿಚಾರಿಸಿ.

ತಮ್ಮಲ್ಲಿ ಎರಡು ಕೋರಿಕೆ. ಇಂಥ ಕಾರುಗಳ ಜಾಹೀರಾತು ಕೊಡುವ ವ್ಯಾಪಾರಿಗಳು ಎಲ್ಲ ಮಾಡ್ಯೂಲ್‌ಗಳ ಸ್ಕ್ಯಾನ್ ವರದಿಯನ್ನು ಕೊಳ್ಳುವವರಿಗೆ ಕೊಡಬೇಕು ಎಂಬ ಒತ್ತಾಯಕ್ಕೆ ಪತ್ರಿಕೆ ದನಿಗೂಡಿಸಲಿ. ಹಾಗೆಯೇ ಕದ್ರಿಯ ಕರ್ನಾಟಕ ಪಾಲಿಟೆಕ್ನಿಕ್‌ನಂಥ ಸಂಸ್ಥೆಗಳು ಸಾರ್ವಜನಿಕರಿಗಾಗಿ ವಾರಾಂತ್ಯದಲ್ಲಿ ಸ್ಕ್ಯಾನರ್ ಬಳಕೆ, ಟಾರ್ಕ್ ರೆಂಚ್ ಬಳಕೆ, ಕಾರನ್ನು ಸುರಕ್ಷಿತವಾಗಿ ಎತ್ತುವ ಕ್ರಮ ಇಷ್ಟನ್ನಾದರೂ ಕಲಿಸುವಂತಾಗಲಿ.

– ಓದುಗ, ಸುರತ್ಕಲ್